ಹಣ ಕೂಡಿಸುವ ಮುನ್ನ ತಮ್ಮನ ರಕ್ತಪರೀಕ್ಷೆ



ವರ್ಷಕ್ಕೆ ಒಂದೆರಡು ಬಾರಿಯಾದರೂ ನಮ್ಮೆಲ್ಲರ ಮೊಬೈಲಿಗೆ ಇಂಥದೊಂದು ಮನವಿ ತಲುಪುತ್ತದೆ. ಊರಿನ ಒಂದು ಮಗುವಿನ ಚಿತ್ರ, ಉಚ್ಚರಿಸಲು ತಡವರಿಸಬೇಕಾದ ಮಿದುಳಿನ ರೋಗವೊಂದರ ಹೆಸರು, 'ಸ್ಟೆಮ್ ಸೆಲ್ ಚಿಕಿತ್ಸೆ'ಗೆ ಬೇಕಾದ ಲಕ್ಷಗಳ ಲೆಕ್ಕ, ಕೊನೆಯಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆ. ನಮ್ಮವರು ಕೊಡುಗೈಯವರು. ಬರ್ವಾ ಅಲ್ ಬರಾಹಾದ ವಸತಿಗಳಲ್ಲಿ ಒಂದು ಕೋಣೆಯನ್ನು ಹಲವರೊಡನೆ ಹಂಚಿಕೊಂಡು ಬದುಕುವ ಕಾರ್ಮಿಕ ಬಂಧುವೂ ತನ್ನ ಸಂಬಳದಿಂದ ಐವತ್ತು ರಿಯಾಲ್ ತೆಗೆದಿಡುತ್ತಾನೆ. ಆ ಔದಾರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಆ ಹಣ ಎಲ್ಲಿಗೆ ಹೋಗುತ್ತಿದೆ, ಹೋಗಬೇಕಾದುದು ಎಲ್ಲಿಗೆ ಎಂಬ ಪ್ರಶ್ನೆಯನ್ನು ಎತ್ತುವುದು ಆರೋಗ್ಯ ಶಿಬಿರಗಳಲ್ಲಿ ಸೇವೆ ಸಲ್ಲಿಸುವ ನಮ್ಮಂಥ ವೈದ್ಯರ ಕರ್ತವ್ಯವೆಂದು ಭಾವಿಸಿ ಈ ಲೇಖನ ಬರೆಯುತ್ತಿದ್ದೇವೆ. ನಾವು ಎಂ.ಬಿ.ಬಿ.ಎಸ್. ಓದಿದ ಸಾಮಾನ್ಯ ವೈದ್ಯರು, ನರರೋಗ ತಜ್ಞರಲ್ಲ. ಆದರೆ ಇಲ್ಲಿ ಹೇಳಬೇಕಾದ ಮಾತು ತಜ್ಞರಿಗಿಂತ ಮೊದಲು ಕುಟುಂಬಕ್ಕೆ ತಿಳಿದಿರಬೇಕಾದದ್ದು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಅನುವಂಶೀಯ ಮಿದುಳು ರೋಗಗಳಲ್ಲಿ ಕೋಶ ಚಿಕಿತ್ಸೆ ಎಂಬುದು ಸುಳ್ಳಲ್ಲ. ಕೆಲವು ರೋಗಗಳಿಗೆ ಅದು ನಿಜವಾಗಿಯೂ ಇದೆ. ಆದರೆ ಅದು ಫಲಿಸುವುದು ರೋಗ ಇನ್ನೂ ಮೈಮೇಲೆ ಕಾಣಿಸಿಕೊಳ್ಳದ, ಅಥವಾ ಆಗತಾನೇ ತಲೆಯೆತ್ತುತ್ತಿರುವ ಮಗುವಿನಲ್ಲಿ. ಆದ್ದರಿಂದ ಒಂದು ಮನೆಯಲ್ಲಿ ಒಂದು ಮಗುವಿಗೆ ಇಂಥ ರೋಗವಿದೆಯೆಂದು ತಿಳಿದೊಡನೆ ನಮ್ಮ ಸಂಘದ ಮೊದಲ ರೂಪಾಯಿ ಆ ಮಗುವಿನ ತಮ್ಮತಂಗಿಯರ ಪರೀಕ್ಷೆಗೆ ಹೋಗಬೇಕು.

ಈ ಮಾತು ಕಠೋರವಾಗಿ ಕೇಳಿಸಬಹುದು. ಹಾಗೇಕೆ ಹೇಳುತ್ತೇವೆಂದು ವಿವರಿಸುತ್ತೇವೆ.

ಮಿದುಳಿನೊಳಗಿನ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ವಿದ್ಯುತ್ ತಂತಿಯ ಮೇಲಿನ ಹೊದಿಕೆಯಂತೆ ಅದು ಸಂದೇಶಗಳನ್ನು ವೇಗವಾಗಿ, ಸೋರಿಕೆಯಿಲ್ಲದೆ ಸಾಗಿಸುತ್ತದೆ. ಈ ಹೊದಿಕೆ ಬೆಳೆಯದಿರುವ ಅಥವಾ ಬೆಳೆದದ್ದು ನಾಶವಾಗುವ ಅನುವಂಶೀಯ ರೋಗಗಳ ಗುಂಪಿಗೆ ಲ್ಯೂಕೋಡಿಸ್ಟ್ರೊಫಿ ಎಂದು ಹೆಸರು. ಅವುಗಳಲ್ಲಿ ಎರಡನ್ನು ಇಲ್ಲಿ ಹೆಸರಿಸುತ್ತೇವೆ. ಮೊದಲನೆಯದು ಅಡ್ರಿನೋಲ್ಯೂಕೋಡಿಸ್ಟ್ರೊಫಿ, ಸಂಕ್ಷೇಪದಲ್ಲಿ ಎಎಲ್‌ಡಿ. 1992ರ 'ಲೊರೆಂಜೋಸ್ ಆಯಿಲ್' ಎಂಬ ಇಂಗ್ಲಿಷ್ ಚಲನಚಿತ್ರವನ್ನು ನೋಡಿದವರಿಗೆ ಈ ರೋಗದ ಪರಿಚಯವಿರುತ್ತದೆ. ಇದರ ದೋಷ ಎಕ್ಸ್ ವರ್ಣತಂತುವಿನಲ್ಲಿದೆ. ಅತಿ ಉದ್ದದ ಕೊಬ್ಬಿನ ಆಮ್ಲಗಳನ್ನು ದೇಹ ಒಡೆಯಲಾರದೆ ಅವು ರಕ್ತದಲ್ಲಿಯೂ ಅಂಗಾಂಗಗಳಲ್ಲಿಯೂ ಶೇಖರವಾಗುತ್ತವೆ. ಎರಡನೆಯದು ಮೆಟಾಕ್ರೊಮ್ಯಾಟಿಕ್ ಲ್ಯೂಕೋಡಿಸ್ಟ್ರೊಫಿ, ಅಂದರೆ ಎಂಎಲ್‌ಡಿ. ಇದರಲ್ಲಿ ಒಂದು ಕಿಣ್ವದ ಕೊರತೆಯಿಂದಾಗಿ, ನಡೆಯಲು ಕಲಿತಿದ್ದ ಎರಡು ವರ್ಷದ ಮಗು ಮತ್ತೆ ತಡವರಿಸತೊಡಗುತ್ತದೆ, ಕಲಿತ ಮಾತನ್ನು ಕಳೆದುಕೊಳ್ಳುತ್ತದೆ.

ಮಿದುಳಿನ ರೋಗಕ್ಕೆ ಬೇರೊಬ್ಬರ ಅಸ್ಥಿಮಜ್ಜೆ ಏಕೆ ಎಂದು ಕೇಳುವವರಿದ್ದಾರೆ. ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಕಸ ತೆಗೆಯುವುದು, ಉರಿಯೂತವನ್ನು ಹದದಲ್ಲಿಡುವುದು ಅವುಗಳ ಕೆಲಸ. ರೋಗಿಯ ಮಜ್ಜೆಯನ್ನು ಔಷಧಗಳಿಂದ ತೆರವುಗೊಳಿಸಿ ಆರೋಗ್ಯವಂತ ದಾನಿಯ ಆಕರಕೋಶಗಳನ್ನು ರಕ್ತನಾಳದ ಮೂಲಕ ಕೊಟ್ಟಾಗ, ಅವುಗಳ ಸಂತತಿಯಲ್ಲಿ ಕೆಲವು ಕೋಶಗಳು ನಿಧಾನವಾಗಿ ಮಿದುಳನ್ನು ಸೇರಿ ಅಲ್ಲಿ ಮೈಕ್ರೋಗ್ಲಿಯಾದಂತೆ ನೆಲೆಯೂರುತ್ತವೆ. ಕೊರತೆಯಿದ್ದ ಕಿಣ್ವವನ್ನು ಅವು ನೆರೆಯ ಕೋಶಗಳಿಗೂ ಹಂಚಬಲ್ಲವು. 'ನಿಧಾನವಾಗಿ' ಎಂಬ ಪದವನ್ನು ಓದುಗರು ಗಮನಿಸಬೇಕು. ಎಎಲ್‌ಡಿಯಲ್ಲಿ ಕಸಿ ಯಶಸ್ವಿಯಾದ ಮೇಲೂ ಸುಮಾರು ಒಂದು ವರ್ಷದವರೆಗೆ ಮಿದುಳಿನ ಹಾನಿ ಮುಂದುವರಿಯಬಹುದು. ಹೊಸ ಕೋಶಗಳು ಹಾನಿಯನ್ನು ತಡೆಯುತ್ತವೆ. ಸತ್ತ ನರಕೋಶಗಳನ್ನು ಮರಳಿ ಬದುಕಿಸಲಾರವು.

ಇದಕ್ಕೆ ವೈದ್ಯಕೀಯ ಚರಿತ್ರೆಯೇ ಸಾಕ್ಷಿ. 1984ರಲ್ಲಿ ಅಮೆರಿಕದ ಹ್ಯೂಗೋ ಮೋಸರ್ ಮತ್ತು ಸಂಗಡಿಗರು ರೋಗ ಬಹಳ ಮುಂದುವರಿದಿದ್ದ ಹದಿಮೂರು ವರ್ಷದ ಎಎಲ್‌ಡಿ ಬಾಲಕನಿಗೆ ಮಜ್ಜೆಯ ಕಸಿ ಮಾಡಿದ ವರದಿ ಪ್ರಕಟಿಸಿದರು. ಮಜ್ಜೆ ಬೇರೂರಿತು, ಆದರೆ ಬಾಲಕ ಉಳಿಯಲಿಲ್ಲ. 1990ರಲ್ಲಿ ಪ್ಯಾರಿಸಿನ ಪ್ಯಾಟ್ರಿಕ್ ಓಬೂರ್ ತಂಡ ಎಂಟು ವರ್ಷದ ಇನ್ನೊಬ್ಬ ಬಾಲಕನ ವರದಿ ಕೊಟ್ಟಿತು. ಅವನಿಗೆ ರೋಗ ಆಗತಾನೇ ಆರಂಭವಾಗಿತ್ತು; ಅವನ ಆರೋಗ್ಯವಂತ ಅವಳಿ ಒಡಹುಟ್ಟು ಮಜ್ಜೆ ಕೊಟ್ಟಿತು; ಆರಂಭದ ಲಕ್ಷಣಗಳು ಹಿಂದೆ ಸರಿದವು. ಎರಡೂ ಕಡೆ ರೋಗ ಒಂದೇ, ಚಿಕಿತ್ಸೆಯೂ ಒಂದೇ. ಒಬ್ಬನಿಗೆ ತಡವಾಗಿತ್ತು, ಇನ್ನೊಬ್ಬನಿಗೆ ಆಗಿರಲಿಲ್ಲ. ಕಳೆದ ಮೂರು ದಶಕಗಳ ಅನುಭವವೆಲ್ಲ ಈ ಪಾಠವನ್ನೇ ದೃಢಪಡಿಸಿದೆ.

ಹೊಸ ಚಿಕಿತ್ಸೆಗಳೂ ಇದೇ ನಿಯಮಕ್ಕೆ ಒಳಪಟ್ಟಿವೆ. ಎಂಎಲ್‌ಡಿ ಮಗುವಿನದೇ ಆಕರಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ಸರಿಯಾದ ಜೀನನ್ನು ಸೇರಿಸಿ ಮರಳಿ ಕೊಡುವ ಚಿಕಿತ್ಸೆಗೆ ಐರೋಪ್ಯ ಒಕ್ಕೂಟ 2020ರ ಡಿಸೆಂಬರಿನಲ್ಲಿ, ಅಮೆರಿಕ 2024ರ ಮಾರ್ಚಿನಲ್ಲಿ ಅನುಮತಿ ನೀಡಿದವು. ಅಮೆರಿಕದಲ್ಲಿ ಅದರ ಬೆಲೆ 42.5 ಲಕ್ಷ ಡಾಲರ್. ಅಂದಿನ ವಿನಿಮಯ ದರದಲ್ಲಿ ಸುಮಾರು 35 ಕೋಟಿ ರೂಪಾಯಿ. ಇಷ್ಟು ದುಬಾರಿಯಾದ ಈ ಚಿಕಿತ್ಸೆಗೂ ಅರ್ಹರಾಗುವವರು ಲಕ್ಷಣಗಳು ಕಾಣಿಸದ ಮಕ್ಕಳು, ಅಥವಾ ಸ್ವಲ್ಪ ದೊಡ್ಡ ವಯಸ್ಸಿನಲ್ಲಿ ಆರಂಭವಾಗುವ ಬಗೆಯಲ್ಲಿ ತೀರ ಮೊದಲ ಹಂತದಲ್ಲಿರುವ ಮಕ್ಕಳು. ನಡಿಗೆಯನ್ನು ಕಳೆದುಕೊಂಡ ಮೂರು ವರ್ಷದ ಮಗುವಿಗೆ 35 ಕೋಟಿ ಕೂಡಿಸಿ ಕೊಟ್ಟರೂ ಅದು ದೊರೆಯುವುದಿಲ್ಲ.

ಅಪಾಯಗಳನ್ನೂ ಮುಚ್ಚಿಡಬಾರದು. ಎಎಲ್‌ಡಿಗೆ ಇದೇ ಬಗೆಯ ಜೀನ್ ಚಿಕಿತ್ಸೆ ಪಡೆದ 67 ಬಾಲಕರಲ್ಲಿ ಏಳು ಮಂದಿಗೆ ರಕ್ತದ ಕ್ಯಾನ್ಸರ್ ಸ್ವರೂಪದ ಕಾಯಿಲೆ ಬಂದುದು 2024ರಲ್ಲಿ ವರದಿಯಾಯಿತು. ದಾನಿಯ ಮಜ್ಜೆಯ ಕಸಿಯಲ್ಲಿಯೂ ಸೋಂಕು, ದಾನಿಯ ಕೋಶಗಳೇ ಮಗುವಿನ ದೇಹದ ಮೇಲೆ ತಿರುಗಿಬೀಳುವುದು, ಮುಂದೆ ಸಂತಾನಹೀನತೆ, ಕೆಲವೊಮ್ಮೆ ಸಾವು ಕೂಡ ಇವೆ. ಸರಿಯಾದ ಕಾಲದಲ್ಲಿ, ಸರಿಯಾದ ಕೇಂದ್ರದಲ್ಲಿ ಮಾತ್ರ ಲಾಭದ ತಕ್ಕಡಿ ಕೆಳಗೆ ತೂಗುತ್ತದೆ.

ಇನ್ನು ನರಕೋಶಗಳ ಮೂಲವನ್ನೇ ಮಿದುಳಿಗೆ ನೇರವಾಗಿ ಇಡುವ ಪ್ರಯತ್ನಗಳು. 2006ರಲ್ಲಿ ಅಮೆರಿಕದ ಆರಿಗನ್‌ನಲ್ಲಿ ಬ್ಯಾಟನ್ ರೋಗದ ಆರು ಮಕ್ಕಳ ಮೇಲಿನ ಪ್ರಯೋಗ ಆರಂಭವಾಯಿತು. ಮಯಲಿನ್ ಬೆಳೆಯದ ಪೆಲಿಜೇಯಸ್-ಮರ್ಟ್ಸ್‌ಬಾಕರ್ ರೋಗದ ನಾಲ್ವರು ಬಾಲಕರಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಡಿದ ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ವಿಧಾನವನ್ನು ಮಕ್ಕಳು ತಾಳಿಕೊಂಡರು. ರೋಗ ಗುಣವಾಯಿತೆಂದು ಹೇಳುವ ಪುರಾವೆ ದೊರೆಯಲಿಲ್ಲ. 2025ರಲ್ಲಿ ಚೀನಾದ ಸಂಶೋಧಕರು ವಯಸ್ಕರಲ್ಲಿ ಬರುವ ಮೈಕ್ರೋಗ್ಲಿಯಾ ದೋಷದ ಒಂದು ಅನುವಂಶೀಯ ರೋಗದಲ್ಲಿ ಮಜ್ಜೆಯ ಕಸಿಯಿಂದ ಎಂಟು ಮಂದಿಗೆ ರೋಗದ ಮುನ್ನಡೆ ನಿಂತಿತೆಂದು 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ಅಲ್ಲಿಯೂ ಅವರು ಬಳಸಿದ ಪದ 'ನಿಂತಿತು' ಎಂಬುದೇ. ವಿಜ್ಞಾನ ಮುನ್ನಡೆಯುತ್ತಿದೆ, ಆದರೆ ಹೆಜ್ಜೆ ಹೆಜ್ಜೆಯಾಗಿ.

ಈ ನಿಜವಾದ ವಿಜ್ಞಾನದ ಹೆಸರನ್ನು ಹೊದ್ದುಕೊಂಡು ಇನ್ನೊಂದು ವ್ಯಾಪಾರ ನಡೆಯುತ್ತಿದೆ. 'ನಾಲ್ಕು ಡೋಸ್, ಇಷ್ಟು ಲಕ್ಷ, ವಯಸ್ಸಿನ ಮಿತಿಯಿಲ್ಲ, ಎಲ್ಲ ಬಗೆಯ ಮಿದುಳು ರೋಗಗಳಿಗೂ' ಎಂಬ ಕರಪತ್ರಗಳನ್ನು ನಾವು ಕಂಡಿದ್ದೇವೆ. ಇಂಥ ಚುಚ್ಚುಮದ್ದಿನಿಂದ ಲಾಭವಿಲ್ಲದಿದ್ದರೂ ನಷ್ಟವಿಲ್ಲ ಎನ್ನುವವರು ಇಸ್ರೇಲಿನ ಒಬ್ಬ ಬಾಲಕನ ಪ್ರಕರಣವನ್ನು ತಿಳಿಯಬೇಕು. ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಅನುವಂಶೀಯ ರೋಗಕ್ಕಾಗಿ 2001ರಿಂದ ಮಾಸ್ಕೋದಲ್ಲಿ ಅವನ ಮಿದುಳಿಗೂ ಬೆನ್ನುಹುರಿಯ ದ್ರವಕ್ಕೂ ಭ್ರೂಣಮೂಲದ ನರಕೋಶಗಳನ್ನು ಹಲವು ಬಾರಿ ಚುಚ್ಚಲಾಯಿತು. ನಾಲ್ಕು ವರ್ಷಗಳ ಬಳಿಕ ಅವನ ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ ಗೆಡ್ಡೆಗಳು ಕಂಡವು. ಪರೀಕ್ಷಿಸಿದಾಗ ಆ ಗೆಡ್ಡೆ ದಾನಿಗಳ ಕೋಶಗಳಿಂದ ಬೆಳೆದದ್ದೆಂದು ಸಾಬೀತಾಯಿತು. 2009ರಲ್ಲಿ ಈ ವರದಿ ಪ್ರಕಟವಾಗಿದೆ.

ನಮ್ಮ ದೇಶದ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಗೊತ್ತುಪಡಿಸಿದ ರೋಗಗಳಿಗೆ ಮಾಡುವ ರಕ್ತಮೂಲ ಆಕರಕೋಶಗಳ ಕಸಿಯೊಂದೇ ಸ್ಥಾಪಿತ ಚಿಕಿತ್ಸೆ. ಉಳಿದದ್ದೆಲ್ಲವೂ ಅನುಮತಿ ಪಡೆದ ಪ್ರಯೋಗದ ಚೌಕಟ್ಟಿನೊಳಗೆ ಮಾತ್ರ ನಡೆಯಬೇಕು, ಚಿಕಿತ್ಸೆಯೆಂದು ಮಾರುವಂತಿಲ್ಲ. ಆದ್ದರಿಂದ ಗುರುತು ಹಿಡಿಯುವುದು ಸುಲಭ. ಪ್ರಯೋಗವೆಂದು ಹೇಳಿ ಅದೇ ಪ್ರಯೋಗಕ್ಕೆ ಲಕ್ಷಗಳ ಬಿಲ್ ಕೊಡುವವರಿಂದ ದೂರವಿರಿ. ಪ್ರಯೋಗದ ನೋಂದಣಿ ಸಂಖ್ಯೆ ಕೇಳಿರಿ. ಅದನ್ನು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಈಗ ನಮ್ಮ ಶಿಬಿರದ ಒಂದು ಅನುಭವ. ಕುಟುಂಬದ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ. ಬರ್ವಾ ಅಲ್ ಬರಾಹಾದಲ್ಲಿ ವಾಸವಿರುವ ರಾಯಚೂರು ಕಡೆಯ ಟ್ರೇಲರ್ ಚಾಲಕರೊಬ್ಬರು ರಕ್ತದೊತ್ತಡ ತೋರಿಸಲು ಬಂದವರು ಕಣ್ಣೀರಿಟ್ಟರು. ಒಂಬತ್ತು ವರ್ಷದ ಹಿರಿಯ ಮಗ ಎರಡನೆಯ ತರಗತಿಯವರೆಗೆ ಚೆನ್ನಾಗಿ ಓದುತ್ತಿದ್ದನಂತೆ. ಆಮೇಲೆ ಅಕ್ಷರ ಕೆಟ್ಟಿತು, ಹೇಳಿದ ಮಾತು ಕೇಳಿಸದವನಂತೆ ಇರತೊಡಗಿದ, ತುಂಟನೆಂದು ಶಾಲೆಯಲ್ಲಿ ಪೆಟ್ಟು ತಿಂದ. ಕಣ್ಣು ಮಂಜಾಗಿ ಕಾಲು ಸೋತ ಮೇಲೆ ಎಂಆರ್‌ಐ ಆಯಿತು, ಎಎಲ್‌ಡಿ ಎಂದು ತಿಳಿಯಿತು. ದೊಡ್ಡ ನಗರವೊಂದರ ಕ್ಲಿನಿಕ್ಕಿನಲ್ಲಿ ನಾಲ್ಕು ಚುಚ್ಚುಮದ್ದಿಗೆ ಮಾತಾಗಿತ್ತು. ಎರಡೆಕರೆ ಹೊಲವನ್ನು ಅಡವಿಡುವ ಕಾಗದ ಸಿದ್ಧವಾಗಿತ್ತು. "ಮನೆಯಲ್ಲಿ ಬೇರೆ ಮಕ್ಕಳಿದ್ದಾರೆಯೇ?" ಎಂದು ನಾವು ಕೇಳಿದೆವು. "ನಾಲ್ಕು ವರ್ಷದ ಸಣ್ಣವ ಇದ್ದಾನ್ರೀ ಸಾಹೇಬ್ರೆ, ಅವನಿಗೇನೂ ಆಗಿಲ್ಲ, ಗಟ್ಟಿ ಅದಾನ" ಎಂದರು. ಆ ಸಣ್ಣವನ ರಕ್ತಪರೀಕ್ಷೆ ಮಾಡಿಸಬೇಕೆಂದು ಅದುವರೆಗೆ ಅವರಿಗೆ ಯಾರೂ ಹೇಳಿರಲಿಲ್ಲ.

ಪರೀಕ್ಷೆಯಲ್ಲಿ ಸಣ್ಣವನಿಗೂ ಅದೇ ದೋಷವಿರುವುದು ಕಂಡಿತು. ಮಿದುಳಿನ ಎಂಆರ್‌ಐ ನಿರ್ಮಲವಾಗಿತ್ತು. ಅಡ್ರಿನಲ್ ಗ್ರಂಥಿ ಮಾತ್ರ ಸೋಲತೊಡಗಿತ್ತು. ಅಗ್ಗದ ಸ್ಟೀರಾಯ್ಡ್ ಮಾತ್ರೆ ಆರಂಭವಾಯಿತು. ಮೂರರಿಂದ ಹನ್ನೆರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎಂಆರ್‌ಐ ಮಾಡಿಸುತ್ತಿದ್ದರೆ, ಮಿದುಳಿನಲ್ಲಿ ಮೊದಲ ಕಲೆ ಕಂಡಾಗಲೇ ಕಸಿ ಮಾಡಬಹುದು. ದೋಷವಿರುವ ಹುಡುಗರಲ್ಲಿ ಬಾಲ್ಯದಲ್ಲಿಯೇ ಮಿದುಳಿನ ಹಾನಿಯಾಗುವುದು ಸುಮಾರು ಮೂವರಲ್ಲಿ ಒಬ್ಬರಿಗೆ. ಅವನಿಗೆ ಅದು ಬಾರದೆಯೂ ಇರಬಹುದು. ಅಣ್ಣನಿಗೆ ಇಂದು ಬೇಕಾದದ್ದು ಸೆಳೆತದ ಔಷಧ, ಉಸಿರುಗಟ್ಟದಂತೆ ಉಣಿಸುವ ಕ್ರಮ, ಫಿಸಿಯೊಥೆರಪಿ, ತಾಯಿಗೆ ವಿಶ್ರಾಂತಿ ಕೊಡುವ ಒಂದು ಕೈ. ಹೊಲ ಉಳಿದದ್ದರಿಂದ ಅದು ಸಾಧ್ಯವಾಗಿದೆ.

ಇಲ್ಲಿ ವಂಶವಾಹಿಯ ಲೆಕ್ಕವನ್ನು ಸರಳವಾಗಿ ಹೇಳಬೇಕು. ಎಎಲ್‌ಡಿ ತಾಯಿಯ ಕಡೆಯಿಂದ ಬಂದಿದ್ದರೆ ಪ್ರತಿಯೊಂದು ಗಂಡುಮಗುವಿಗೂ ಎರಡರಲ್ಲಿ ಒಂದು ಪಾಲು ಸಂಭವವಿದೆ. ಆಕೆಯ ಅಕ್ಕತಂಗಿಯರ ಮಕ್ಕಳಿಗೂ ಪರೀಕ್ಷೆ ಬೇಕಾಗಬಹುದು. ಗಂಡುಮಕ್ಕಳಲ್ಲಿ ರಕ್ತದ ಕೊಬ್ಬಿನ ಆಮ್ಲಗಳ ಪರೀಕ್ಷೆ ಸಾಕು. ಹೆಣ್ಣುಮಕ್ಕಳಲ್ಲಿ ಅದು ಸರಿಯಾಗಿಯೇ ಕಾಣಬಹುದಾದುದರಿಂದ ಜೀನ್ ಪರೀಕ್ಷೆ ಅಗತ್ಯ. ಎಂಎಲ್‌ಡಿಯಂಥ ರೋಗಗಳಲ್ಲಿ ತಂದೆತಾಯಿ ಇಬ್ಬರೂ ಆರೋಗ್ಯವಂತ ವಾಹಕರು. ಪ್ರತಿಯೊಂದು ಗರ್ಭಕ್ಕೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದೊಳಗೆ ಮದುವೆಯಾಗುವ ನಮ್ಮ ರೂಢಿಯಲ್ಲಿ ಇಬ್ಬರಿಗೂ ಒಂದೇ ದೋಷ ಬಂದಿರುವ ಸಂಭವ ಹೆಚ್ಚು. ಇದು ಯಾರ ಪಾಪವೂ ಅಲ್ಲ, ಸೊಸೆಯ ಕಾಲ್ಗುಣವೂ ಅಲ್ಲ. ಈ ಮಾತನ್ನು ಮನೆಯ ಹಿರಿಯರ ಕಿವಿಗೆ ಹಾಕುವುದು ರಕ್ತಪರೀಕ್ಷೆಯಷ್ಟೇ ಮುಖ್ಯ. ಅಪವಾದದ ಭಯದಿಂದ ಕುಟುಂಬಗಳು ರೋಗದ ಹೆಸರನ್ನೇ ಮುಚ್ಚಿಡುತ್ತವೆ; ಮುಚ್ಚಿಟ್ಟ ಹೆಸರು ಚಿಕ್ಕಮ್ಮನ ಮಗನನ್ನು ಬಲಿ ತೆಗೆದುಕೊಳ್ಳುತ್ತದೆ.

"ಹಾಗಾದರೆ ಹಿರಿಯ ಮಗುವನ್ನು ಕೈಬಿಡಬೇಕೆ? ಬೇರೆ ದಾರಿಯಿಲ್ಲದವರಿಂದ ಕೊನೆಯ ಆಸೆಯನ್ನೂ ಕಸಿಯಬೇಕೆ?" ಎಂಬ ಆಕ್ಷೇಪ ನಮಗೆ ಗೊತ್ತಿದೆ. ಮಗುವಿನ ಹಾಸಿಗೆಯ ಪಕ್ಕದಲ್ಲಿ ರಾತ್ರಿ ಕಳೆದ ತಂದೆತಾಯಿಯರ ಬಾಯಲ್ಲಿ ಬಂದಾಗ ಅದಕ್ಕೆ ವಾದದಿಂದ ಉತ್ತರಿಸುವುದು ಕ್ರೌರ್ಯ. ಆದರೆ ಮನವಿಯನ್ನು ಮುಂದಕ್ಕೆ ಕಳುಹಿಸುವ ನಾವು ಆ ಹಾಸಿಗೆಯ ಪಕ್ಕದಲ್ಲಿಲ್ಲ, ನಾವು ಯೋಚಿಸಲೇಬೇಕು. ಹಿರಿಯ ಮಗುವಿನ ಆರೈಕೆಗೆ ನೆರವಾಗುವುದು ಕೈಬಿಡುವುದಲ್ಲ. ಯಾರಾದರೂ ಅದನ್ನು ಗುಣಪಡಿಸುತ್ತೇವೆಂದು ಮಾರಲು ಬಂದರೆ, ಅವರು ಮಾರುತ್ತಿರುವುದು ಆ ಕುಟುಂಬದ ಹೊಲವನ್ನು, ಅದರೊಡನೆ ಕಿರಿಯ ಮಗುವಿನ ಉಳಿದಿರುವ ಕಾಲವನ್ನು.

ನಮ್ಮ ನಾಡಿನಲ್ಲಿ ಸರಿಯಾದ ಬಾಗಿಲುಗಳಿವೆ. ಅಪರೂಪದ ರೋಗಗಳ ರಾಷ್ಟ್ರೀಯ ನೀತಿ 2021ರಲ್ಲಿ ಜಾರಿಗೆ ಬಂತು. ಒಮ್ಮೆಯ ಚಿಕಿತ್ಸೆಯಿಂದ ಗುಣ ಕಾಣಬಹುದಾದ ರೋಗಗಳ ಮೊದಲ ಗುಂಪಿನಲ್ಲಿ ಅದು ಎಎಲ್‌ಡಿಯನ್ನು ಹೆಸರಿಸಿದೆ. ಆದರೆ ಆರಂಭದ ಹಂತದಲ್ಲಿ, ಸ್ಪಷ್ಟ ನರಲಕ್ಷಣಗಳು ಮೂಡುವ ಮುನ್ನ ಎಂಬ ಷರತ್ತಿನೊಡನೆ. ಸರ್ಕಾರದ ಕಾಗದದಲ್ಲಿಯೂ ಬರೆದಿರುವುದು ಕಾಲದ ಮಾತೇ. ಈ ನೀತಿಯಡಿ ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆಯುವವರಿಗೆ 50 ಲಕ್ಷ ರೂಪಾಯಿಯವರೆಗೆ ನೆರವಿಗೆ ಅವಕಾಶವಿದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸಂಸ್ಥೆಯು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೊಡನೆ ಸೇರಿ ಅಂಥ ಒಂದು ಕೇಂದ್ರವಾಗಿದೆ. ನರರೋಗದ ನಿರ್ಣಯಕ್ಕೆ ನಿಮ್ಹಾನ್ಸ್ ಇದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1986ರಿಂದ ಮಜ್ಜೆಯ ಕಸಿ ಮಾಡುತ್ತಿದೆ. ಅಲ್ಲಿಯ ವೈದ್ಯರು ಹಿಮೋಫಿಲಿಯಾ ರೋಗದ ಐವರಿಗೆ ಅವರದೇ ಆಕರಕೋಶಗಳಲ್ಲಿ ಜೀನ್ ಸೇರಿಸಿ ಕೊಟ್ಟ ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಎಂಎಲ್‌ಡಿಯ ದುಬಾರಿ ಚಿಕಿತ್ಸೆಯೂ ಇದೇ ಬಗೆಯ ತಂತ್ರದ್ದು. ಒಂದು ದಿನ ಅದು ನಮ್ಮವರ ಕೈಗೆಟುಕುವ ಬೆಲೆಗೆ ಬರಬಹುದೆಂಬ ಆಸೆಗೆ ಇದು ಆಧಾರ.

ಕತಾರಿನಲ್ಲಿ ಜನಿಸುವ ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಜರ್ಮನಿಯ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಇಲ್ಲಿ 2003ರ ಡಿಸೆಂಬರಿನಿಂದ ನವಜಾತ ಶಿಶುಗಳ ಹಿಮ್ಮಡಿಯ ರಕ್ತದ ಹನಿಯನ್ನು ಪರೀಕ್ಷಿಸಲಾಗುತ್ತಿದೆ. ಹೋಮೋಸಿಸ್ಟಿನೂರಿಯಾ ಎಂಬ ಅನುವಂಶೀಯ ರೋಗ ಈ ನಾಡಿನಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚಿನ ಪ್ರಮಾಣದಲ್ಲಿದೆ. ಹುಟ್ಟಿದ ಕೂಡಲೇ ಗುರುತಿಸಿ ಪಥ್ಯ ಮತ್ತು ಔಷಧ ಕೊಡುವುದರಿಂದ ಮಕ್ಕಳು ಉಳಿಯುತ್ತಿದ್ದಾರೆ. ಆದರೆ ಇಂಥ ಪಟ್ಟಿಯಲ್ಲಿ ಎಲ್ಲ ರೋಗಗಳೂ ಇರುವುದಿಲ್ಲ. ಕುಟುಂಬದಲ್ಲಿ ರೋಗವಿದ್ದರೆ ಹೆರಿಗೆಗೆ ಮುನ್ನವೇ ವೈದ್ಯರಿಗೆ ತಿಳಿಸಬೇಕು. ಭಾರತದಲ್ಲಿ ಎಲ್ಲ ಶಿಶುಗಳಿಗೂ ಅನ್ವಯಿಸುವ ಇಂಥ ರಾಷ್ಟ್ರೀಯ ತಪಾಸಣೆ ಇನ್ನೂ ಇಲ್ಲ. ಬರ್ವಾ ಅಲ್ ಬರಾಹಾದಲ್ಲಿ ದುಡಿಯುವ ತಂದೆಯ ಮಗು ಹುಟ್ಟುವುದು ಸಿಂಧನೂರಿನಲ್ಲೋ ಕುಂದಾಪುರದಲ್ಲೋ ಕಾಸರಗೋಡಿನಲ್ಲೋ. ಅದಕ್ಕೆ ಈ ರಕ್ಷಣೆಯಿಲ್ಲ. ಈ ಅಂತರವನ್ನು ತುಂಬುವುದೇ ನಮ್ಮಂಥ ಸಂಘಕ್ಕೆ ತಕ್ಕ ಕೆಲಸ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆಯೂ ಸದಸ್ಯ ಕುಟುಂಬಗಳ ಮುಂದೆಯೂ ಮೂರು ಸಲಹೆಗಳನ್ನಿಡುತ್ತೇವೆ.

ಮೊದಲನೆಯದಾಗಿ, ಇಂಥ ಯಾವ ಮನವಿ ಬಂದರೂ ಅದನ್ನು ಮುಂದಕ್ಕೆ ಕಳುಹಿಸುವ ಮುನ್ನ ಸಂಘದ ವೈದ್ಯರಿಗೆ ತೋರಿಸಿರಿ. ರೋಗದ ಹೆಸರು, ಚಿಕಿತ್ಸೆಯ ಹೆಸರು, ಆಸ್ಪತ್ರೆ, ಮನೆಯ ಇತರ ಮಕ್ಕಳ ಪರೀಕ್ಷೆ, ಇಷ್ಟನ್ನು ವಿಚಾರಿಸಲು ಎರಡು ದಿನ ಸಾಕು. ಕತಾರಿನ ಕಾನೂನಿನಂತೆ ಅನುಮತಿಯಿಲ್ಲದೆ ಸಾರ್ವಜನಿಕವಾಗಿ ದೇಣಿಗೆ ಕೂಡಿಸುವಂತಿಲ್ಲ ಎಂಬುದನ್ನೂ ಮರೆಯಬಾರದು. ಒಳ್ಳೆಯ ಮನಸ್ಸಿನಿಂದ ಹಣ ಕೂಡಿಸಹೊರಟ ಕಾರ್ಮಿಕ ಬಂಧು ತೊಂದರೆಗೆ ಸಿಲುಕಬಾರದು.

ಎರಡನೆಯದಾಗಿ, ಸಂಘದ ವೈದ್ಯಕೀಯ ನೆರವಿನಲ್ಲಿ ಒಡಹುಟ್ಟಿದವರ ಪರೀಕ್ಷೆಗೆ, ಬೆಂಗಳೂರಿಗೆ ಹೋಗಿಬರುವ ಖರ್ಚಿಗೆ ಮೊದಲ ಸ್ಥಾನ ಕೊಡೋಣ. ಒಂದು ಕುಟುಂಬದ ಎಲ್ಲ ಮಕ್ಕಳ ಪರೀಕ್ಷೆಯ ವೆಚ್ಚ ಆ ಕರಪತ್ರದ ಒಂದು ಡೋಸಿಗಿಂತ ಬಹಳ ಕಡಿಮೆ.

ಮೂರನೆಯದಾಗಿ, ದಾನಿಗಳು. ಒಡಹುಟ್ಟಿದವರ ಮಜ್ಜೆ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಉಳಿದವರು ಅಪರಿಚಿತ ದಾನಿಯನ್ನು ಹುಡುಕಬೇಕು. ಹೊಂದಾಣಿಕೆ ಸಿಗುವುದು ಹೆಚ್ಚಾಗಿ ಒಂದೇ ಮೂಲದ ಜನರಲ್ಲಿ. ಜಗತ್ತಿನ ನೋಂದಣಿ ಪಟ್ಟಿಗಳಲ್ಲಿ ಭಾರತೀಯರು ಕಡಿಮೆ, ಆದ್ದರಿಂದ ನಮ್ಮ ಮಕ್ಕಳಿಗೆ ದಾನಿ ಸಿಗುವುದೂ ಕಷ್ಟ. ಬೆಂಗಳೂರಿನಲ್ಲಿ ಡಿಕೆಎಂಎಸ್, ಚೆನ್ನೈಯಲ್ಲಿ ದಾತ್ರಿ ಎಂಬ ಸಂಸ್ಥೆಗಳು ದಾನಿಗಳನ್ನು ನೋಂದಾಯಿಸಿಕೊಳ್ಳುತ್ತವೆ. ಕೆನ್ನೆಯೊಳಗಿನಿಂದ ಹತ್ತಿಯ ಕಡ್ಡಿಯಲ್ಲಿ ತೆಗೆದ ಮಾದರಿಯಷ್ಟೇ ಸಾಕು. ಊರಿನಲ್ಲಿ ಕಾಲೇಜು ಓದುತ್ತಿರುವ ನಿಮ್ಮ ತಮ್ಮತಂಗಿಯರಿಗೆ, ಅಣ್ಣನ ಮಕ್ಕಳಿಗೆ ಈ ವಾರದ ಫೋನಿನಲ್ಲಿಯೇ ಹೇಳಿರಿ. ಕರೆ ಬಂದ ದಿನ ಹಿಂಜರಿಯದೆ ಹೋಗಬೇಕೆಂದೂ ಹೇಳಿರಿ. ಹೆಸರು ಬರೆಸಿ ಹಿಂದೆ ಸರಿಯುವ ದಾನಿಯಿಂದ ಮಗುವಿನ ತಿಂಗಳುಗಳು ವ್ಯರ್ಥವಾಗುತ್ತವೆ.

ಕಡೆಯದಾಗಿ ಪೋಷಕರಿಗೂ, ನಮ್ಮ ಕನ್ನಡ ತರಗತಿಗಳಲ್ಲಿ ಪಾಠ ಹೇಳುವ ಸ್ವಯಂಸೇವಕರಿಗೂ ಒಂದು ಮಾತು. ಮಗು ಕಲಿತದ್ದನ್ನು ಕಳೆದುಕೊಳ್ಳುತ್ತಿದ್ದರೆ ಅದನ್ನು ಸೋಮಾರಿತನವೆಂದು ತಿಳಿಯಬೇಡಿರಿ. ನಡೆಯುತ್ತಿದ್ದ ಮಗು ತಡವರಿಸಿದರೆ, ಓದುತ್ತಿದ್ದ ಹುಡುಗನ ಅಕ್ಷರ ಕೆಡುತ್ತ ಬಂದರೆ, ಬಿಸಿಲಿಗೆ ಹೋಗದೆಯೂ ಮೈ ಕಪ್ಪಾಗುತ್ತ ಸುಸ್ತು, ವಾಂತಿ ಮರುಕಳಿಸಿದರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಬಹುಪಾಲು ಸಂದರ್ಭಗಳಲ್ಲಿ ಕಾರಣ ಬೇರೆಯದೇ, ಸುಲಭದ್ದೇ ಆಗಿರುತ್ತದೆ. ಈ ರೋಗಗಳಲ್ಲಿ ಯಾವುದಾದರೂ ಮನೆತನದಲ್ಲಿದ್ದರೆ ನಮ್ಮನ್ನು ಶಿಬಿರದಲ್ಲಿ ಕಾಣಿರಿ, ಅಥವಾ ಸಂಘದ ಕಾರ್ಯದರ್ಶಿಯವರ ಮೂಲಕ ತಿಳಿಸಿರಿ. ಹೆಸರು ಗೋಪ್ಯವಾಗಿರುತ್ತದೆ. ಎಲ್ಲಿ ಪರೀಕ್ಷೆ ಮಾಡಿಸಬೇಕು, ಯಾವ ಕಾಗದ ಒಯ್ಯಬೇಕು ಎಂದು ಬರೆದುಕೊಡುವ ಹೊಣೆ ನಮ್ಮದು.

— ಸಂಘದ ಆರೋಗ್ಯ ಶಿಬಿರದ ಸ್ವಯಂಸೇವಕ ವೈದ್ಯರು